ಅಲಾಯ್ ಚಕ್ರದ ಸೆಂಟರ್ ಕ್ಯಾಪ್‌ಗಳು ಹಕ್ಕಳೆ ಏಳುತ್ತಿವೆ: ಮನೆಯಲ್ಲೇ ಸರಿಪಡಿಸುವುದು ಹೇಗೆ?

ಕರಾವಳಿ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕಾರಿಗೆ ಈಗ 11 ವರ್ಷ ತುಂಬಿದೆ. ಮನೆ ಮಲ್ಪೆಯ ಕಡಲಿಗೆ ಹತ್ತಿರವಿರುವುದರಿಂದ ಉಪ್ಪುಗಾಳಿ ತಪ್ಪಿದ್ದಲ್ಲ. ಅಲಾಯ್ ಚಕ್ರಗಳು ಇನ್ನೂ ಚೆನ್ನಾಗಿಯೇ ಇವೆ. ಆದರೆ ಅವುಗಳ ನಡುವೆ ಕೂರುವ ಸೆಂಟರ್ ಕ್ಯಾಪ್‌ಗಳು ನಾಲ್ಕೂ ಅಂದಗೆಟ್ಟಿವೆ. ಮುಂದಿನ ಎರಡರಲ್ಲಿ ಬೆಳ್ಳಿ ಬಣ್ಣದ ಮೇಲಿರುವ ಪಾರದರ್ಶಕ ಲ್ಯಾಕರ್ ಪದರ ಹಳದಿಗೆ ತಿರುಗಿ, ಅಂಚಿನಿಂದ ಹಕ್ಕಳೆ ಏಳುತ್ತಿದೆ. ಉಗುರು ತಾಗಿಸಿದರೆ ಈರುಳ್ಳಿಯ ಹೊರಸಿಪ್ಪೆಯಂತೆ ಕೈಗೆ ಬರುತ್ತದೆ. ಹಿಂದಿನ ಎರಡು ಬರೀ ಮಂಕಾಗಿವೆ. ಹೋದ ವರ್ಷ ವಾಟರ್ ಸರ್ವಿಸ್‌ಗೆ ಕೊಟ್ಟಿದ್ದಾಗ ಚಕ್ರಗಳಿಗೆ ಘಾಟು ಹೊಡೆಯುವ ಆಸಿಡ್ ದ್ರಾವಣ ಸಿಂಪಡಿಸಿ ಬಹಳ ಹೊತ್ತು ಹಾಗೆಯೇ ಬಿಟ್ಟಿದ್ದರು. ಅದಾದ ಒಂದೆರಡು ತಿಂಗಳಲ್ಲೇ ಹಕ್ಕಳೆ ಶುರುವಾಯಿತು.

ಹೊಸ ಕ್ಯಾಪ್ ಕೊಳ್ಳಬಹುದೆಂಬುದು ಗೊತ್ತಿದೆ. ಆದರೆ ಈ ಕಾರು ಅಪ್ಪ ಕೊಂಡದ್ದು. ಪ್ರತಿ ಭಾನುವಾರ ಬೆಳಿಗ್ಗೆ ಅವರು ಅಂಗಳದಲ್ಲಿ ಮಣೆ ಹಾಕಿ ಕುಳಿತು, ಹಳೆಯ ಬನಿಯನ್ನಿನಿಂದ ಒಂದೊಂದೇ ಚಕ್ರವನ್ನು ಒರೆಸುತ್ತಿದ್ದರು. ಅವರ ಕೈ ಆಡಿದ ಈ ಕ್ಯಾಪ್‌ಗಳನ್ನೇ ಉಳಿಸಿಕೊಳ್ಳಬೇಕೆಂಬ ಆಸೆ ನನಗಿದೆ. ಹಳೆಯ ಬಣ್ಣವನ್ನು ಥಿನ್ನರ್ ಹಾಕಿ ತೆಗೆಯಬಹುದೇ? ನೇರವಾಗಿ ಸ್ಪ್ರೇ ಹೊಡೆದರೆ ನಿಲ್ಲುತ್ತದೆಯೇ? ಲಾಂಛನ ಅಚ್ಚಿನಲ್ಲೇ ಉಬ್ಬಾಗಿ ಮೂಡಿದೆ, ಸುತ್ತಲಿನ ತಗ್ಗಿಗೆ ಕಪ್ಪು ಬಣ್ಣವಿದೆ. ಅದನ್ನು ಹೇಗೆ ನಿಭಾಯಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಪೇಂಟರ್

ಸರ್, ನಮಸ್ಕಾರ. ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಮೊದಲಿಗೆ ಒಂದು ಮಾತು: ಥಿನ್ನರ್ ಖಂಡಿತ ಬೇಡ. ಈ ಕ್ಯಾಪ್‌ಗಳು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್‌ನವು. ಥಿನ್ನರ್, ಅಸಿಟೋನ್ ತಗುಲಿದರೆ ಬಣ್ಣದ ಜೊತೆಗೆ ಪ್ಲಾಸ್ಟಿಕ್ಕೇ ಕರಗಿ ಅಂಟಾಗುತ್ತದೆ, ಲಾಂಛನದ ಅಂಚುಗಳು ಮೊಂಡಾಗುತ್ತವೆ. ಕ್ಯಾಪ್ ಬಿಚ್ಚಿದ ಮೇಲೆ ಬೆನ್ನ ಕಡೆ ನೋಡಿ. ಎಬಿಎಸ್, ಪಿಸಿ, ಪಿಪಿ ಎಂಬಂತಹ ಅಕ್ಷರಗಳು ಅಚ್ಚಿನಲ್ಲೇ ಮೂಡಿರುತ್ತವೆ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ) ಇಲ್ಲದೆ ಕೈ ಹಾಕಲೇಬಾರದು.

ಬಿಚ್ಚುವಾಗ ಮುಂದಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಲಾಯ್‌ಗೆ ಗೀರು ಬೀಳುತ್ತದೆ, ಕ್ಯಾಪ್‌ನ ಹಿಂದಿರುವ ಕೊಕ್ಕೆಗಳೂ ಮುರಿಯಬಹುದು. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ ಚಕ್ರವನ್ನು ಹೊರತೆಗೆಯಿರಿ. ಆಮೇಲೆ ಹಿಂಬದಿಯಿಂದ ಸುತ್ತಿಗೆಯ ಮರದ ಹಿಡಿಯನ್ನು ತೂರಿಸಿ ಮೆಲ್ಲನೆ ತಳ್ಳಿದರೆ ಕ್ಯಾಪ್ ಟಕ್ಕೆಂದು ಹೊರಬರುತ್ತದೆ.

ಮುಂದಿನ ಕ್ಯಾಪ್‌ಗಳು ಹೆಚ್ಚು ಹಾಳಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳೇ ಹೆಚ್ಚು ಸವೆಯುತ್ತವೆ. ಆ ಪುಡಿಯಲ್ಲಿರುವ ಕಬ್ಬಿಣದ ಕಣಗಳು ಲ್ಯಾಕರ್‌ನಲ್ಲಿ ಕಚ್ಚಿಕೊಂಡು ತುಕ್ಕು ಹಿಡಿಯುತ್ತವೆ. ಆಸಿಡ್ ದ್ರಾವಣವು ಆಗಲೇ ಬಿರುಕು ಬಿಟ್ಟಿದ್ದ ಲ್ಯಾಕರ್‌ನ ಅಡಿಗೆ ಇಳಿದಿರಬೇಕು. ಕಾರು ತೊಳೆಯುವ ಶಾಂಪೂ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕ್ಯಾಪ್ ತೊಳೆದು, ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ.

ಇನ್ನು ಉಜ್ಜುವ ಕೆಲಸ. ಇದಕ್ಕೆ ಅವಸರ ಮಾಡಿದವರ ಬಣ್ಣ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಹಕ್ಕಳೆ ಎದ್ದ ಕಡೆ 400 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, ನಂತರ 600, ಕೊನೆಗೆ 800. ಕಣ್ಣು ಮುಚ್ಚಿ ಬೆರಳನ್ನು ಅಂಚಿನ ಮೇಲೆ ಎಳೆಯಿರಿ. ಹಳೆಯ ಬಣ್ಣ ಮುಗಿದು ಪ್ಲಾಸ್ಟಿಕ್ ಶುರುವಾಗುವ ಜಾಗದಲ್ಲಿ ಬೆರಳಿಗೆ ಮೆಟ್ಟಿಲು ಸಿಗಬಾರದು. ಸಿಕ್ಕರೆ ಇನ್ನೂ ಉಜ್ಜಬೇಕು, ಏಕೆಂದರೆ ಬೆರಳಿಗೆ ಸಿಕ್ಕ ಮೆಟ್ಟಿಲು ಬೆಳ್ಳಿ ಬಣ್ಣದ ಅಡಿಯಲ್ಲಿ ಎದ್ದು ಕಾಣುತ್ತದೆ. ಮಂಕಾದ ಹಿಂದಿನ ಕ್ಯಾಪ್‌ಗಳಲ್ಲಿ ಲ್ಯಾಕರ್ ಗಟ್ಟಿಯಾಗಿದ್ದರೆ 1500 ಮತ್ತು 2000 ನಂಬರಿನಿಂದ ಹಗುರವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್‌ನಿಂದ ಪಾಲಿಶ್ ಮಾಡಿ ನೋಡಿ. ಅಷ್ಟರಲ್ಲೇ ಹೊಳಪು ಮರಳಿದರೆ ಅವಕ್ಕೆ ಬಣ್ಣವೇ ಬೇಕಿಲ್ಲ.

ಸ್ಪ್ರೇ ಮಾಡುವಾಗ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ಕ್ಯಾಪ್‌ನ ಆಚೆ ಶುರುಮಾಡಿ ಆಚೆಯೇ ಮುಗಿಯುವಂತೆ ಕೈ ಆಡಿಸಿ. ಪ್ಲಾಸ್ಟಿಕ್ ಪ್ರೈಮರ್, ಅದರ ಮೇಲೆ ಬೂದು ಪ್ರೈಮರ್, ಆಮೇಲೆ ಅಲಾಯ್ ಚಕ್ರಕ್ಕೆಂದೇ ಸಿಗುವ ಸಿಲ್ವರ್, ಕೊನೆಗೆ ಕ್ಲಿಯರ್ ಲ್ಯಾಕರ್. ಎಲ್ಲವೂ ತೆಳುವಾಗಿ ಎರಡು ಮೂರು ಕೋಟ್, ನಡುವೆ 10ರಿಂದ 15 ನಿಮಿಷ ಬಿಡುವು. ಹಾರ್ಡನರ್ ಬೆರೆಯುವ 2ಕೆ ಕ್ಲಿಯರ್ ಹೆಚ್ಚು ಬಾಳುವುದು ನಿಜ, ಆದರೆ ಅದರಲ್ಲಿ ಐಸೊಸೈನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಅದು ಮಾಡುವ ಹಾನಿಗೆ ಬಟ್ಟೆಯ ಮಾಸ್ಕ್ ತಡೆಯೇ ಅಲ್ಲ. ದಯವಿಟ್ಟು ಮನೆಯಲ್ಲಿ ಅದನ್ನು ಬಳಸಬೇಡಿ. ಕೊಕ್ಕೆಗಳಿಗೂ ಹಿಂದಿನ ತಂತಿಯ ಬಳೆಗೂ ಮಾಸ್ಕಿಂಗ್ ಟೇಪ್ ಸುತ್ತಲು ಮರೆಯಬೇಡಿ, ಅಲ್ಲಿ ಬಣ್ಣ ಕೂತರೆ ಕ್ಯಾಪ್ ಸರಿಯಾಗಿ ಕಚ್ಚುವುದಿಲ್ಲ.

ಮೈಸೂರು ರಸ್ತೆ

ಮೇಲಿನ ಉತ್ತರ ಬಣ್ಣದ ಕ್ಯಾಪ್‌ಗಳಿಗೆ ಸಂಪೂರ್ಣ ಸರಿ. ಕ್ರೋಮ್ ಕ್ಯಾಪ್ ಇರುವವರು ಇದನ್ನು ಓದಿ ಮುಂದುವರಿಯಬಾರದೆಂದು ನನ್ನ ಅನುಭವ ಹೇಳುತ್ತೇನೆ. ಎಬಿಎಸ್ ಮೇಲೆ ತಾಮ್ರ, ನಿಕ್ಕಲ್, ಅದರ ಮೇಲೆ ಅತಿ ತೆಳುವಾದ ಕ್ರೋಮಿಯಂ ಹೀಗೆ ಪದರ ಪದರವಾಗಿ ಲೇಪಿಸಿರುತ್ತಾರೆ. ಅದು ಒಂದು ಕಡೆ ಬಿರಿದರೆ ನೀರು ಒಳಗಿಳಿದು ಗುಳ್ಳೆಗಳೇಳುತ್ತವೆ. ನಾನು ಗುಳ್ಳೆ ಎದ್ದ ಭಾಗವನ್ನಷ್ಟೇ ಉಜ್ಜಿ ಮೇಲೆ ಸಿಲ್ವರ್ ಹೊಡೆದೆ. ನಾಲ್ಕು ತಿಂಗಳಲ್ಲಿ ಪಕ್ಕದ ಕ್ರೋಮ್ ಎದ್ದು ಹೊಸ ಬಣ್ಣವನ್ನೂ ಎಳೆದುಕೊಂಡು ಬಂತು. ಅದಕ್ಕಿಂತ ಹೆಚ್ಚಾಗಿ, ಬಿರಿದ ಕ್ರೋಮ್‌ನ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ನನ್ನ ಹೆಬ್ಬೆರಳು ಕೊಯ್ದುಕೊಂಡಿತ್ತು. ಕೈಗವಸು ಬೇಕೇ ಬೇಕು. ಕನ್ನಡಿಯಂತಹ ಕ್ರೋಮ್ ಮನೆಯಲ್ಲಿ ಮರಳಿ ಬರುವುದಿಲ್ಲ, ಸ್ಪ್ರೇ ಡಬ್ಬಿಯ ಕ್ರೋಮ್ ಬಣ್ಣ ಕೈ ತಾಗಿದರೂ ಮಂಕಾಗುತ್ತದೆ. ಅಂಥವರು ಹೊಸತನ್ನೇ ತರಿಸುವುದು ಒಳ್ಳೆಯದು. ತರಿಸುವಾಗ ಹೊರಗಿನ ವ್ಯಾಸವನ್ನು ಮಾತ್ರವಲ್ಲ, ಕೊಕ್ಕೆಗಳ ವ್ಯಾಸವನ್ನೂ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ; 60 ಮಿಲಿಮೀಟರ್ ಎಂದು ಮಾರುವ ಎರಡು ಕ್ಯಾಪ್‌ಗಳ ಕೊಕ್ಕೆ ಒಂದೇ ಅಳತೆಯದ್ದಾಗಿರಬೇಕೆಂದೇನೂ ಇಲ್ಲ.

ಕರಾವಳಿ ಸವಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆನ್ನ ಮೇಲೆ ಎಬಿಎಸ್ ಎಂದೇ ಇದೆ. ತಡೆಯಲಾರದೆ ಒಂದು ಕ್ಯಾಪ್‌ಗೆ ನಿನ್ನೆಯೇ ಬಣ್ಣ ಹೊಡೆದೆ. ಸಿಲ್ವರ್ ಬಹಳ ಚೆನ್ನಾಗಿ ಬಂದಿತ್ತು. ಆದರೆ ಕ್ಲಿಯರ್ ಹೊಡೆದ ಕೆಲವೇ ನಿಮಿಷಗಳಲ್ಲಿ ಮಜ್ಜಿಗೆ ಚೆಲ್ಲಿದಂತೆ ಬಿಳಿಚಿಕೊಂಡಿತು. ಹೊರಗೆ ಜಡಿಮಳೆ ಸುರಿಯುತ್ತಿತ್ತು, ನಾನಿದ್ದುದು ಮುಚ್ಚಿದ ಜಗಲಿಯಲ್ಲಿ. ತಪ್ಪಾದುದೆಲ್ಲಿ?

ಹುಬ್ಬಳ್ಳಿ ಪೇಂಟರ್

ತಪ್ಪು ಕೈಯದ್ದಲ್ಲ ಸರ್, ಹವೆಯದ್ದು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದು ಅಲ್ಲಿಯೇ ಹನಿಗಟ್ಟಿ ಲ್ಯಾಕರ್‌ನೊಳಗೆ ಸಿಕ್ಕಿಕೊಳ್ಳುತ್ತದೆ. ಮಾಡು ಮಳೆಯನ್ನು ತಡೆಯಬಹುದು, ತೇವವನ್ನು ತಡೆಯುವುದಿಲ್ಲ. ಅದನ್ನು ಹಾಗೆಯೇ ಎತ್ತಿಡಿ. ಮಳೆ ಪೂರ್ತಿ ಬಿಟ್ಟ ಮೇಲೆ ಒಣ ಬಿಸಿಲಿನ ದಿನ ಬೆಳಿಗ್ಗೆ ಹತ್ತರ ನಂತರ, ನೆರಳಿನಲ್ಲಿ ಇನ್ನೊಂದು ತೆಳು ಕೋಟ್ ಕ್ಲಿಯರ್ ಕೊಡಿ. ಅನೇಕ ಸಲ ಆ ಬಿಳುಪು ಕರಗಿಹೋಗುತ್ತದೆ. ಹೋಗದಿದ್ದರೆ 1500 ನಂಬರಿನಿಂದ ಉಜ್ಜಿ ಮತ್ತೆ ಹೊಡೆಯಬೇಕಾಗುತ್ತದೆ. ನಿಮ್ಮ ಕಡೆ ನವೆಂಬರ್‌ವರೆಗೆ ಕಾಯುವುದೇ ಲೇಸು.

ಅಳತೆಗೋಲು

ಲಾಂಛನದ ಕಪ್ಪು ಬಣ್ಣದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ಕಪ್ಪನ್ನು ಕ್ಲಿಯರ್‌ಗಿಂತ ಮೊದಲು ತುಂಬಬೇಡಿ: ಕಪ್ಪಿಗೆ ಬಳಸುವ ಎನಾಮಲ್ (ಎಣ್ಣೆ ಬಣ್ಣ) ಹಸಿಯಿರುವಾಗ ಅದರ ಮೇಲೆ ಲ್ಯಾಕರ್ ಬಿದ್ದರೆ ಎನಾಮಲ್ ಸುಕ್ಕುಗಟ್ಟಿ ಮೇಲೆದ್ದು ಬರುತ್ತದೆ. ಕ್ಲಿಯರ್ ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಟ್ಟು, ಸಣ್ಣ ಕುಂಚದಿಂದ ತಗ್ಗಿಗೆ ಕಪ್ಪು ಎನಾಮಲ್ ಹರಿಸಿ. ಉಬ್ಬಿನ ಮೇಲೆ ಹತ್ತಿದ್ದನ್ನು ತೆಗೆಯಲು, ಪೆನ್ಸಿಲ್ ಅಳಿಸುವ ರಬ್ಬರಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಅದಕ್ಕೆ ಟರ್ಪೆಂಟೈನ್ ಒಂದೇ ತೊಟ್ಟು ಹಾಕಿ, ಮೇಲ್ಮೈಯಲ್ಲಿ ಮಾತ್ರ ಸವರಿ. ಬರಿ ಬಟ್ಟೆಯಾದರೆ ಬೆರಳ ಒತ್ತಡಕ್ಕೆ ತಗ್ಗಿಗಿಳಿದು ಕಪ್ಪನ್ನೂ ಎತ್ತಿಬಿಡುತ್ತದೆ.

ಇನ್ನೊಂದು ವಿಷಯವನ್ನು ಬಣ್ಣಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಕ್ಯಾಪ್ ಕೂರಿಸಿದ ಮೇಲೆ ಬೆರಳುಗಳಿಂದ ಎಳೆದು, ತಿರುಗಿಸಿ ನೋಡಿ. ತಂತಿಯ ಬಳೆ ಸಡಿಲವಾಗಿದ್ದರೆ ಅದನ್ನು ಸ್ವಲ್ಪ ಅಗಲಿಸಿದರೆ ಸಾಕು. ಆದರೆ ಎರಡಕ್ಕಿಂತ ಹೆಚ್ಚು ಕೊಕ್ಕೆಗಳು ಮುರಿದಿದ್ದರೆ ಆ ಕ್ಯಾಪ್ ಅನ್ನು ಅಂಟಿನ ಭರವಸೆಯಲ್ಲಿ ಬಳಸಬಾರದು. ಹೆದ್ದಾರಿಯಲ್ಲಿ ಅದು ಕಳಚಿ ಹಾರಿದರೆ ಹಿಂದೆ ಬರುವ ಬೈಕ್ ಸವಾರನ ಮುಖಕ್ಕೆ ಬಡಿಯಬಹುದು. ಬಿಚ್ಚಿದ ಚಕ್ರಗಳ ನಟ್ಟುಗಳನ್ನೂ 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಾಗಿವೆಯೇ ಎಂದು ನೋಡಿ.

ಕರಾವಳಿ ಸವಾರ

ಡಿಸೆಂಬರ್‌ನಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಎರಡೂ ಕ್ಯಾಪ್‌ಗಳು ಪಾಲಿಶ್‌ನಲ್ಲೇ ಹೊಳಪಿಗೆ ಬಂದವು. ಬಿಳಿಚಿದ್ದ ಕ್ಯಾಪ್‌ನ ಅಂಚಿನಲ್ಲಿ ಹೊಸ ಕೋಟ್‌ನ ನಂತರವೂ ಬಿಳುಪು ಉಳಿದಿತ್ತು, ಅಷ್ಟನ್ನು ಉಜ್ಜಿ ಮತ್ತೆ ಹೊಡೆದೆ. ನಾಲ್ಕನೆಯದರಲ್ಲಿ ಮೂರು ಕೊಕ್ಕೆಗಳು ಮುರಿದಿದ್ದುದು ಬಿಚ್ಚಿದಾಗಲೇ ಕಂಡಿತ್ತು. ಅಂಟು ಹಾಕುವ ಆಸೆ ಇತ್ತಾದರೂ ಮೇಲಿನ ಮಾತನ್ನು ಓದಿ ಕೈಬಿಟ್ಟೆ. ಅದರ ಜಾಗಕ್ಕೆ ಹೊಸ ಕ್ಯಾಪ್ ತರಿಸಿ, ಉಳಿದವುಗಳ ಛಾಯೆಗೆ ಹೊಂದುವಂತೆ ಅದಕ್ಕೂ ಅದೇ ಡಬ್ಬಿಯ ಸಿಲ್ವರ್ ಕೊಟ್ಟಿದ್ದೇನೆ. ಹಳೆಯದನ್ನು ತೊಳೆದು ಅಪ್ಪನ ಮೇಜಿನ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.