ಪೆಟ್ ಸ್ಕ್ಯಾನ್ ಕ್ಲೀನ್ ಬಂದಿದೆ, ಆದ್ರೂ ತಂಗಿಗೆ ರೇಡಿಯೇಷನ್ ಕೊಡಿಸ್ಬೇಕಾ?

ದಾವಣಗೆರೆ_ಅಣ್ಣ:
ಎಲ್ರಿಗೂ ನಮಸ್ಕಾರ. ನನ್ ತಂಗಿಗೆ 24 ವರ್ಷ. ಹೋದ ಮಳೆಗಾಲದಲ್ಲಿ ಕತ್ತಿನ ಎಡಗಡೆ ಗಂಟು ಕಾಣಿಸ್ತು, ನೋವಿಲ್ಲ ಜ್ವರ ಇಲ್ಲ, ಊರಲ್ಲಿ ತೋರಿಸಿದ್ರೆ ಸೂಜಿ ಹಾಕಿ ಟೆಸ್ಟ್ ಮಾಡಿ ಟಿಬಿ ಇರ್ಬೇಕು ಅಂತ ಮಾತ್ರೆ ಶುರು ಮಾಡಿದ್ರು, ಮೂರು ತಿಂಗಳು ನುಂಗಿದ್ಲು, ಗಂಟು ಇಳೀಲೇ ಇಲ್ಲ. ಕೊನೆಗೆ ಬೆಂಗಳೂರಿಗೆ ಕರ್ಕೊಂಡ್ ಬಂದು ಗಂಟನ್ನೇ ಪೂರ್ತಿ ತೆಗೆಸಿ ಬಯಾಪ್ಸಿ ಮಾಡಿಸಿದಾಗ ಗೊತ್ತಾಯ್ತು, ಹಾಡ್ಜ್‌ಕಿನ್ ಲಿಂಫೋಮಾ, ಅಂದ್ರೆ ದುಗ್ಧಗ್ರಂಥಿಯ ಒಂದು ತರದ ಕ್ಯಾನ್ಸರ್. ಸ್ಟೇಜ್ 2, ಕತ್ತಲ್ಲಿ ಮತ್ತೆ ಎದೆ ಮಧ್ಯ ಚಿಕ್ಕದಾಗಿ. ಇಎಸ್‌ಆರ್ ಅನ್ನೋ ರಕ್ತದ ಟೆಸ್ಟ್ ಕಮ್ಮಿ ಇದೆ, ಒಳ್ಳೆ ಗುಂಪಿಗೆ ಸೇರುತ್ತೆ ಅಂದ್ರು ಡಾಕ್ಟ್ರು.

ಎಬಿವಿಡಿ ಅನ್ನೋ ಕೀಮೋ ಎರಡು ಸೈಕಲ್ ಮುಗೀತು, ಹದಿನೈದು ದಿನಕ್ಕೊಂದರಂತೆ ನಾಲ್ಕು ಸಲ. ಕಾಯಿಲೆ ಎಲ್ಲೆಲ್ಲಿದೆ ಅಂತ ತೋರಿಸೋ ಪೆಟ್ ಸ್ಕ್ಯಾನ್ ಮಾಡಿಸಿದ್ರೆ ಡೋವಿಲ್ ಸ್ಕೋರ್ (1ರಿಂದ 5ರ ತನಕ, ಕಮ್ಮಿ ಇದ್ದಷ್ಟೂ ಒಳ್ಳೇದು) 2, ಅಂದ್ರೆ ಕ್ಲೀನ್. ಮನೇಲಿ ಎಲ್ರೂ ದೇವರಿಗೆ ಕೈ ಮುಗಿದ್ವಿ. ಈಗ ಡಾಕ್ಟ್ರು 20 ಗ್ರೇ (ಡೋಸ್ ಅಳತೆ) ರೇಡಿಯೇಷನ್, ಹತ್ತು ದಿನ, ಅಂತಿದಾರೆ. ನಮ್ ಮಾವ ಹೇಳ್ತಾರೆ ಕಾಯಿಲೆನೇ ಇಲ್ಲ ಅಂದ್ಮೇಲೆ ಕರೆಂಟ್ ಯಾಕೆ ಕೊಡಿಸ್ತೀಯ, ಮದುವೆ ಆಗೋ ಹುಡುಗಿ ಅಂತ. ನಂಗೂ ರಾತ್ರಿ ನಿದ್ದೆ ಬರ್ತಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಗ್ರೇ_ಮೇಷ್ಟ್ರು:
ತಮ್ಮಾ, ನಾನು ರೇಡಿಯೇಷನ್ ವಿಭಾಗದಲ್ಲೇ ತುಂಬಾ ವರ್ಷ ಕೆಲಸ ಮಾಡಿದೋನು. ಮೊದಲು ಒಂದು ಮಾತು, ಪೆಟ್ ಕ್ಲೀನ್ ಅಂದ್ರೆ ಸ್ಕ್ಯಾನಿಗೆ ಕಾಣೋ ಅಷ್ಟು ಕಾಯಿಲೆ ಇಲ್ಲ ಅಂತ ಅರ್ಥ, ಒಂದೂ ಕಣ ಉಳಿದಿಲ್ಲ ಅಂತ ಅಲ್ಲ. ಉಳಿದಿದ್ರೆ ಸಾಮಾನ್ಯವಾಗಿ ಮೊದಲು ಗಂಟಿದ್ದ ಜಾಗದಲ್ಲೇ ಮತ್ತೆ ಏಳುತ್ತೆ, ಅದಕ್ಕೇ ಆ ಜಾಗಕ್ಕೆ ಮಾತ್ರ ರೇಡಿಯೇಷನ್.

ಎರಡು ಎಬಿವಿಡಿ ಜೊತೆ 20 ಗ್ರೇ ಅನ್ನೋ ಲೆಕ್ಕ ಬಂದಿದ್ದು ಜರ್ಮನಿಯ ಎಚ್‌ಡಿ10 ಅಧ್ಯಯನದಿಂದ. 1370 ಜನ, 2010ರಲ್ಲಿ ಪ್ರಕಟ ಆಯ್ತು. ನಾಲ್ಕು ಸೈಕಲ್ ಮತ್ತೆ 30 ಗ್ರೇ ಕೊಟ್ಟೋರಿಗೂ ಎರಡು ಸೈಕಲ್ ಮತ್ತೆ 20 ಗ್ರೇ ಕೊಟ್ಟೋರಿಗೂ ಫಲಿತಾಂಶ ಒಂದೇ ತರ ಇತ್ತು, ಹಾಗಾಗಿ ಎರಡನ್ನೂ ಕಮ್ಮಿ ಮಾಡಿದ್ರು. ನಿಮ್ ಪ್ರಶ್ನೆಗೆ ನೇರ ಉತ್ತರ ಅಂಥದ್ದೇ ಇನ್ನೊಂದು ಅಧ್ಯಯನ ಎಚ್‌ಡಿ16ರಲ್ಲಿದೆ. ನಿಮ್ ತಂಗಿ ತರದೋರೇ, ಎರಡು ಸೈಕಲ್ ಆಗಿ ಪೆಟ್ ಕ್ಲೀನ್ ಬಂದೋರು, ಅರ್ಧ ಜನಕ್ಕೆ ರೇಡಿಯೇಷನ್ ಕೊಟ್ರು, ಅರ್ಧ ಜನಕ್ಕೆ ಬಿಟ್ರು. ಐದು ವರ್ಷಕ್ಕೆ ಕಾಯಿಲೆ ವಾಪಸ್ ಬರದೇ ಇದ್ದೋರು, ಕೊಟ್ಟ ಕಡೆ 93.4%, ಬಿಟ್ಟ ಕಡೆ 86.1%. ಆದ್ರೆ ಬದುಕಿ ಉಳಿದೋರು ಎರಡೂ ಕಡೆ 98% ಹತ್ರ. ಯಾಕಂದ್ರೆ ವಾಪಸ್ ಬಂದ್ರೂ ವಾಸಿ ಮಾಡೋ ದಾರಿ ಇದೆ, ಆ ದಾರಿ ಮಾತ್ರ ಸುಲಭದ್ದಲ್ಲ.

ನಿಮ್ ಮಾವ ಹೆದರೋದು ಸುಳ್ಳಲ್ಲ. ಹಿಂದೆ ಕತ್ತಿಂದ ಎದೆ, ಎರಡು ಕಂಕುಳು ಎಲ್ಲಾ ಸೇರಿಸಿ 40 ಗ್ರೇ ಸುತ್ತಮುತ್ತ ಕೊಡ್ತಿದ್ರು, ಅಂಥ ಹುಡುಗೀರಲ್ಲಿ ವರ್ಷಗಳ ಮೇಲೆ ಸ್ತನ ಕ್ಯಾನ್ಸರ್, ಹೃದಯದ ತೊಂದ್ರೆ ಬಂದಿದ್ದು ನಿಜ. ಈಗ ಡೋಸ್ ಅರ್ಧ, ಜಾಗ ತುಂಬಾ ಚಿಕ್ಕದು. ಆದ್ರೂ 24ರ ಹುಡುಗಿ, ಎದೆ ಮಧ್ಯದ ಗಂಟು, ಹಾಗಾಗಿ ಡಾಕ್ಟ್ರನ್ನ ಕೇಳಲೇಬೇಕು, ಸ್ತನಕ್ಕೆ ಹೃದಯಕ್ಕೆ ಎಷ್ಟು ಡೋಸ್ ಬೀಳುತ್ತೆ, ಉಸಿರು ಎಳ್ಕೊಂಡು ಹಿಡಿದು ಕೊಡೋ ಪದ್ಧತಿ ಇದೆಯಾ ಅಂತ. ಉಸಿರು ತುಂಬ್ಕೊಂಡಾಗ ಹೃದಯ ಕೆಳಗೆ ಸರಿಯುತ್ತೆ, ಅದಕ್ಕೆ ಬೀಳೋ ಡೋಸ್ ಅಷ್ಟು ಕಮ್ಮಿ ಆಗುತ್ತೆ.

ಮಲ್ನಾಡ್_ಹುಡುಗ:
ನಾನು ಬಿಟ್ಟೋನು ಬ್ರೋ. ನಂದೂ ಇದೇ ಸ್ಟೇಜ್, ಪೆಟ್ ಕ್ಲೀನ್ ಬಂದಿತ್ತು, ಡಾಕ್ಟ್ರು ಎರಡೂ ದಾರಿ ವಿವರಿಸಿ ನೀನೇ ಯೋಚ್ನೆ ಮಾಡು ಅಂದ್ರು, ನಾನು ಬೇಡ ಅಂದೆ. 14 ತಿಂಗಳಿಗೆ ಅದೇ ಜಾಗದಲ್ಲಿ ವಾಪಸ್ ಬಂತು. ಮತ್ತೆ ಜೋರು ಕೀಮೋ, ನನ್ನದೇ ಸ್ಟೆಮ್ ಸೆಲ್ ತೆಗೆದಿಟ್ಟು ಟ್ರಾನ್ಸ್‌ಪ್ಲಾಂಟ್, ಮೂರು ವಾರ ಒಂದೇ ರೂಮಲ್ಲಿ, ಅಮ್ಮನ್ನ ಗಾಜಿನಾಚೆ ನೋಡ್ತಿದ್ದೆ. ಈಗ ಚೆನ್ನಾಗಿದೀನಿ, ತೋಟದ ಕೆಲಸ ಎಲ್ಲಾ ಮಾಡ್ತೀನಿ. ಬಿಟ್ಟೋರಲ್ಲಿ ಹೆಚ್ಚಿನೋರಿಗೆ ಏನೂ ಆಗಲ್ಲ ಅನ್ನೋದು ಮೇಲಿನ ನಂಬರಲ್ಲೇ ಇದೆ, ನಾನು ಉಳಿದ ಆ ಕೆಲವರಲ್ಲಿ ಒಬ್ಬ. ಯಾವುದೇ ತೀರ್ಮಾನ ಆಗ್ಲಿ ತಂಗಿನೇ ಮಾಡ್ಲಿ, ಮಾವ ಅಲ್ಲ.

ಶುಭಾ_ಅಕ್ಕ:
ನಾನು 26ಕ್ಕೆ ತಗೊಂಡೆ, ಒಂಬತ್ತು ವರ್ಷ ಆಯ್ತು. ಎರಡನೇ ವಾರ ಗಂಟಲು ಉರಿ, ನುಂಗೋಕೆ ಕಷ್ಟ, ಮೊಸರನ್ನ ರಾಗಿ ಗಂಜಿ ಬಿಟ್ಟು ಏನೂ ಇಳೀತಿರ್ಲಿಲ್ಲ, ಖಾರ ಅಂತೂ ಬೇಡವೇ ಬೇಡ. ಮುಗಿದು ಎರಡು ಮೂರು ವಾರಕ್ಕೆ ಸರಿ ಹೋಯ್ತು. ಮೂರನೇ ವರ್ಷ ಥೈರಾಯ್ಡ್ ಕಮ್ಮಿ ಆಯ್ತು, ಬೆಳಿಗ್ಗೆ ಒಂದು ಮಾತ್ರೆ ತಗೋತೀನಿ. ಆಮೇಲೆ ಮದುವೆ ಆಯ್ತು, ಮಗಳು ಯುಕೆಜಿ. ಎಂಟು ವರ್ಷ ಆದ್ಮೇಲಿಂದ ವರ್ಷಕ್ಕೊಮ್ಮೆ ಸ್ತನದ ಸ್ಕ್ಯಾನ್ ಮಾಡಿಸ್ತಿದೀನಿ, ಇದನ್ನ ತಂಗಿಗೆ ಈಗ್ಲೇ ಹೇಳಿಡು ಮರೀಬೇಡ, ಚೆನ್ನಾಗಿದೀವಿ ಅಂತ ಎಷ್ಟೋ ಜನ ಫಾಲೋಅಪ್ಪೇ ಬಿಟ್ಬಿಡ್ತಾರೆ.

ದಾವಣಗೆರೆ_ಅಣ್ಣ:
ಸರ್, ಬ್ರೋ, ಅಕ್ಕ, ಮೂವರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ಅವಳಿಗೇ ಓದಿಸ್ದೆ. ನಿನ್ನೆ ಅವಳೇ ಡಾಕ್ಟ್ರನ್ನ ಕೇಳಿದ್ಲು, ಕಂಪ್ಯೂಟರಲ್ಲಿ ತೋರಿಸಿ ಎಲ್ಲೆಲ್ಲಿ ಬೀಳುತ್ತೆ ಅಂತ ಬಣ್ಣದಲ್ಲಿ ವಿವರಿಸಿದ್ರಂತೆ, ಉಸಿರು ಹಿಡಿಯೋದನ್ನೂ ಅಭ್ಯಾಸ ಮಾಡಿಸ್ತಾರಂತೆ. ತಗೋತೀನಿ ಅಂದ್ಲು. ಬುಧವಾರ ಮುಖದ ಮಾಸ್ಕ್ ಅಚ್ಚು ಹಾಕ್ತಾರೆ. ಇನ್ನೊಂದೇ ಪ್ರಶ್ನೆ, ನಮ್ ಮನೆ ಅಕ್ಕನ ಎಂಟು ತಿಂಗಳ ಮಗು ಮನೇಲಿದೆ, ರೇಡಿಯೇಷನ್ ಆಗಿ ಬಂದ್ಮೇಲೆ ಇವಳ ಹತ್ರ ಬಿಡಬಾರ್ದು ಅಂತ ಅಮ್ಮ ಹೆದರ್ತಿದಾರೆ.

ಗ್ರೇ_ಮೇಷ್ಟ್ರು:
ಧಾರಾಳವಾಗಿ ಎತ್ಕೊಳ್ಳಲಿ. ಇದು ಹೊರಗಿಂದ ಮೆಷಿನ್ನಲ್ಲಿ ಕೊಡೋದು, ಮೆಷಿನ್ ನಿಂತ ತಕ್ಷಣ ಮುಗೀತು, ಮೈಯಲ್ಲಿ ಏನೂ ಉಳಿಯಲ್ಲ. ಮಗುಗೆ ನೆಗಡಿ ಜ್ವರ ಇದ್ರೆ ಮಾತ್ರ ನಿಮ್ ತಂಗಿ ದೂರ ಇರ್ಲಿ, ಕೀಮೋ ಈಗಷ್ಟೇ ಮುಗಿದಿದೆ.