ಒಂದೇ ಮಾತ್ರೆ ಜನಾಂಗಕ್ಕೊಂದು ರೀತಿ ಕೆಲಸ ಮಾಡುವುದು ನಿಜವೇ?

ಪ್ರಶ್ನೆ

ನಮ್ಮ ತಂದೆಯವರಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿ ಎಂಟು ತಿಂಗಳಾಯಿತು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೋಗ್ರೆಲ್ ಮತ್ತು ಕೊಲೆಸ್ಟರಾಲ್ ತಗ್ಗಿಸಲು ರೋಸುವಾಸ್ಟಾಟಿನ್ ಮಾತ್ರೆಗಳನ್ನು ತಪ್ಪದೆ ಸೇವಿಸುತ್ತಿದ್ದಾರೆ. ಮೊನ್ನೆ ರೋಸುವಾಸ್ಟಾಟಿನ್ ಪೆಟ್ಟಿಗೆಯೊಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಭೂತಗನ್ನಡಿ ಹಿಡಿದು ಓದುತ್ತಿದ್ದವರು, ‘ಏಷ್ಯಾ ಮೂಲದವರಿಗೆ 5 ಮಿಲಿಗ್ರಾಂನಿಂದ ಆರಂಭಿಸಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ‘ನನಗೆ 20 ಬರೆದಿದ್ದಾರಲ್ಲ’ ಎಂದರು. ಕ್ಲೊಪಿಡೋಗ್ರೆಲ್ ಕೂಡ ಕೆಲವು ಜನಾಂಗಗಳಲ್ಲಿ ಸರಿಯಾಗಿ ನಾಟುವುದಿಲ್ಲವೆಂದು ಆಮೇಲೆ ಓದಿದೆ. ಇದು ಹುಟ್ಟಿನಿಂದ ಬಂದ ಗುಣವೇ, ಅಥವಾ ಔಷಧವನ್ನು ಪರೀಕ್ಷಿಸಿದವರ ಲೋಪವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೊದಲಿಗೆ ಒಂದು ಮಾತು: ಈ ಚರ್ಚೆಯನ್ನು ಓದಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಕ್ಲೊಪಿಡೋಗ್ರೆಲ್ ಅನ್ನು ತಾವಾಗಿಯೇ ಬಿಡುವುದು ಪ್ರಾಣಕ್ಕೆ ಎರವಾಗಬಹುದು.

ಒಂದೇ ಪ್ರಮಾಣದ ರೋಸುವಾಸ್ಟಾಟಿನ್ ನುಂಗಿದರೂ ಏಷ್ಯಾ ಮೂಲದವರ ರಕ್ತದಲ್ಲಿ ಅದರ ಮಟ್ಟ ಸರಾಸರಿ ಎರಡು ಪಟ್ಟಿನಷ್ಟಾಗುತ್ತದೆ. ಆ ಸಾಲು ಬಂದಿರುವುದು ಅದರಿಂದಲೇ. ಆದರೆ ಅದು ಆರಂಭದ ಪ್ರಮಾಣವೇ ಹೊರತು ಗರಿಷ್ಠ ಮಿತಿಯಲ್ಲ. 20 ಏಕೆಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಕ್ಲೊಪಿಡೋಗ್ರೆಲ್‌ನ ಕಥೆ ಬೇರೆ. ನುಂಗಿದ ರೂಪದಲ್ಲಿ ಅದು ನಿಷ್ಕ್ರಿಯ. ಹೀರಿಕೊಂಡದ್ದರಲ್ಲಿ ಸುಮಾರು 85 ಭಾಗ ವ್ಯರ್ಥವಾಗಿ ಹೋಗಿ, ಉಳಿದ 15 ಭಾಗವಷ್ಟೇ ಯಕೃತ್ತಿನಲ್ಲಿ ಎರಡು ಹಂತ ದಾಟಿ ಔಷಧವಾಗುತ್ತದೆ. ಈ ಕೆಲಸದಲ್ಲಿ ಮುಖ್ಯ ಪಾತ್ರ ಸಿವೈಪಿ2ಸಿ19 ಎಂಬ ಕಿಣ್ವದ್ದು. ತಂದೆ ತಾಯಿ ಇಬ್ಬರಿಂದಲೂ ಈ ಕಿಣ್ವದ ದುರ್ಬಲ ಜೀನ್ ಪಡೆದವರಲ್ಲಿ ಮಾತ್ರೆಯ ಫಲ ತೀರ ಕಡಿಮೆ. ಅಂಥವರು ಐರೋಪ್ಯ ಮೂಲದವರಲ್ಲಿ ನೂರಕ್ಕೆ ಎರಡು ಮೂರು ಮಂದಿಯಾದರೆ, ಚೀನೀಯರಲ್ಲಿ ಸುಮಾರು 14. ಬ್ರಿಟನ್‌ನಲ್ಲಿ ನೆಲೆಸಿರುವ ಬಾಂಗ್ಲಾ ಮತ್ತು ಪಾಕಿಸ್ತಾನ ಮೂಲದವರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇಕಡಾ 57 ಮಂದಿಯಲ್ಲಿ ಇಂಥ ಜೀನ್ ಕನಿಷ್ಠ ಒಂದಾದರೂ ಇತ್ತು. ಈ ಔಷಧಕ್ಕೆ ಮನ್ನಣೆ ತಂದುಕೊಟ್ಟ 1996ರ ಕ್ಯಾಪ್ರಿ ಪ್ರಯೋಗದ 19,185 ರೋಗಿಗಳಲ್ಲಾದರೋ ಶೇಕಡಾ 95ರಷ್ಟು ಬಿಳಿಯರೇ. ಹಾಗಾಗಿ ನಿಮ್ಮ ಎರಡು ಪ್ರಶ್ನೆಗಳಿಗೂ ‘ಹೌದು’ ಎಂದೇ ನನ್ನ ಉತ್ತರ.

ಅಂದಹಾಗೆ, ತಂದೆಯವರು ಆಸಿಡಿಟಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ?

ಉತ್ತರ 2

ಮೇಲಿನವರ ಅಂಕಿಗಳನ್ನು ಒಪ್ಪುತ್ತೇನೆ. ಆದರೆ ‘ಜನಾಂಗ’ ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸುವುದನ್ನು ಒಪ್ಪಲಾರೆ. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೃದಯ ವೈಫಲ್ಯಕ್ಕೆಂದು ಬೈಡಿಲ್ ಎಂಬ ಮಾತ್ರೆಯನ್ನು ಕಪ್ಪುವರ್ಣೀಯರಿಗಾಗಿಯೇ ಅನುಮೋದಿಸಿತು. ಅದರ ಪ್ರಯೋಗದಲ್ಲಿದ್ದ 1,050 ಮಂದಿಯೂ ತಮ್ಮನ್ನು ಕಪ್ಪುವರ್ಣೀಯರೆಂದು ಗುರುತಿಸಿಕೊಂಡವರೇ. ಸಾವಿನ ಪ್ರಮಾಣ ಶೇಕಡಾ 43ರಷ್ಟು ತಗ್ಗಿತೆಂಬುದು ದೊಡ್ಡ ಸಾಧನೆಯೇ ಸರಿ. ಆದರೆ ಬೇರೆಯವರನ್ನು ಸೇರಿಸಿಕೊಳ್ಳದೆ, ಅವರಿಗಿಂತ ಇವರಿಗೆ ಹೆಚ್ಚು ಗುಣವಾಯಿತೆಂದು ಆ ಪ್ರಯೋಗದಿಂದ ಹೇಳುವುದಾದರೂ ಹೇಗೆ? ಚೀಟಿಯ ಮೇಲೆ ಬರೆಯಬೇಕಾದದ್ದು ಜೀನ್‌ನ ಹೆಸರನ್ನು, ಚರ್ಮದ ಬಣ್ಣವನ್ನಲ್ಲ.

ಉತ್ತರ 3

ಜೀನ್‌ನ ಹೆಸರು ಗೊತ್ತಾಗುವುದಕ್ಕೂ ಯಾರೋ ಮೊದಲು ಜನಸಮುದಾಯದ ಕಡೆಗೆ ನೋಡಿರಬೇಕಲ್ಲವೇ? ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್‌ನಿಂದ ಕೆಲವರಿಗೆ ಮೈಯ ಚರ್ಮವೇ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಕಾಯಿಲೆ ಬರುತ್ತದೆ. ಹೀಗೆ ನರಳಿದ 44 ಮಂದಿಯನ್ನು ತೈವಾನ್‌ನ ಸಂಶೋಧಕರು ಪರೀಕ್ಷಿಸಿದಾಗ, 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪ ಕಂಡಿತು. ಅದು ಪ್ರಕಟವಾದದ್ದು 2004ರಲ್ಲಿ. ಮುಂದೆ ಸುಮಾರು 4,900 ಮಂದಿಯನ್ನು ಮೊದಲೇ ಪರೀಕ್ಷಿಸಿ, ಆ ಜೀನ್ ಇದ್ದವರಿಗೆ ಮಾತ್ರೆ ಕೊಡದೆ ಬಿಟ್ಟಾಗ ಒಬ್ಬರಿಗೂ ಆ ಕಾಯಿಲೆ ಬರಲಿಲ್ಲ.

ಆದರೂ ಎರಡನೆಯವರ ಮಾತಿಗೆ ಬಲ ಕೊಡುವ ಸಂಗತಿಯೂ ಇಲ್ಲೇ ಇದೆ. ಚೀನೀಯರಲ್ಲಿ, ಥಾಯ್ ಜನರಲ್ಲಿ ಸಾಮಾನ್ಯವಾದ ಈ ಜೀನ್ ಜಪಾನೀಯರಲ್ಲಿ ತೀರ ಅಪರೂಪ. ‘ಏಷ್ಯಾ ಮೂಲ’ ಎಂಬ ಎರಡು ಪದಗಳು ಇವರೆಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಮೊದಲನೆಯವರು ಕೇಳಿದ್ದಕ್ಕೆ ತಂದೆಯವರ ಮಾತ್ರೆಗಳನ್ನೆಲ್ಲ ಹರಡಿ ನೋಡಿದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಮೆಪ್ರಜೋಲ್ ಇದೆ. ಅದು ಹಳೆಯ ಎದೆಯುರಿಗೆಂದು ಬೇರೊಬ್ಬ ವೈದ್ಯರು ಬರೆದದ್ದು. ಸ್ಟೆಂಟ್ ಹಾಕಿದವರಿಗೆ ನಾವು ಹೇಳಿರಲೇ ಇಲ್ಲ.

ಉತ್ತರ 1

ನನ್ನ ಅನುಮಾನ ಅದೇ ಆಗಿತ್ತು. ಒಮೆಪ್ರಜೋಲ್ ಅದೇ ಸಿವೈಪಿ2ಸಿ19 ಕಿಣ್ವವನ್ನು ತಡೆಯುತ್ತದೆ. ಎರಡನ್ನೂ ಜೊತೆಯಲ್ಲಿ ಕೊಡಬಾರದೆಂಬ ಸೂಚನೆ ಕ್ಲೊಪಿಡೋಗ್ರೆಲ್‌ನ ಕಾಗದದಲ್ಲಿಯೇ ಇದೆ. ಜೀನ್ ಪರೀಕ್ಷೆಯ ಮಾತು ಆಮೇಲಾಗಲಿ. ನಾಳೆಯೇ ಹೃದ್ರೋಗ ವೈದ್ಯರಿಗೆ ಆ ಎಲ್ಲ ಮಾತ್ರೆಗಳನ್ನೂ ತೋರಿಸಿ, ಎದೆಯುರಿಗೆ ಪ್ಯಾಂಟೊಪ್ರಜೋಲ್‌ನಂಥದ್ದನ್ನು ಕೊಡಬಹುದೇ ಎಂದು ಕೇಳಿ.