560001ರ ಅಪವರ್ತನ ಮತ್ತು ವರ್ಗೀಕರಣ: ಸಹಾಯ ಬೇಕು

ಗಣಿತಾಸಕ್ತರಿಗೆ ನಮಸ್ಕಾರ. ಬಸವನಗುಡಿಯಲ್ಲಿ ಎಂಟನೇ ತರಗತಿಯ ಕೆಲವು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತೇನೆ. ಅವರಿಗೆ ಪರಿಚಿತವಾದ ದೊಡ್ಡ ಸಂಖ್ಯೆಯೊಂದಿರಲಿ ಎಂದು ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 560001 ಅನ್ನು ಅಪವರ್ತಿಸಲು ಕೊಟ್ಟಿದ್ದೆ.

ಅಂಕಿಗಳ ಮೊತ್ತ 12 ಆದ್ದರಿಂದ 3ರಿಂದ ಭಾಗವಾಗುತ್ತದೆ; ಬಂದ 186667 ಅನ್ನು 13ರಿಂದ ಭಾಗಿಸಿದರೆ 14359 ಬರುತ್ತದೆ. ಒಬ್ಬ ಹುಡುಗಿ ನೋಟ್‌ಬುಕ್ಕಿನ ಎರಡು ಪುಟ ತುಂಬ ಭಾಗಾಕಾರ ಮಾಡಿ, 79ರವರೆಗೆ ಬಂದು, ಇದು ಅವಿಭಾಜ್ಯವೆಂದು ಬರೆದು ನಿಲ್ಲಿಸಿದ್ದಳು. ಮುಂದಿನ ಅವಿಭಾಜ್ಯವಾದ 83ರಲ್ಲೇ ಉತ್ತರವಿತ್ತು: 83 × 173. ಅಷ್ಟು ಶ್ರಮಪಟ್ಟವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. 14359ರ ವರ್ಗಮೂಲ ಸುಮಾರು 119.8 ಆಗಿರುವುದರಿಂದ 113ರವರೆಗೂ ಪರೀಕ್ಷಿಸಬೇಕಿತ್ತೆಂದು ತಿಳಿಸಿದೆ.

ಗಣಿತಜ್ಞ ಫರ್ಮಾನ ಅಪವರ್ತನ ವಿಧಾನದಲ್ಲಿ 120ರಿಂದ ಆರಂಭಿಸಿ ಪ್ರತಿ ಸಂಖ್ಯೆಯ ವರ್ಗದಿಂದ 14359 ಕಳೆಯುತ್ತ ಹೋದರೆ, ಒಂಬತ್ತನೇ ಪ್ರಯತ್ನದಲ್ಲಿ 128ರ ವರ್ಗದಿಂದ ಕಳೆದಾಗ 2025, ಅಂದರೆ 45ರ ವರ್ಗ, ಸಿಗುತ್ತದೆ; ಆಗ 128 − 45 = 83 ಮತ್ತು 128 + 45 = 173 ಎಂದು ಎರಡೂ ಅಪವರ್ತನಗಳು ದೊರೆಯುತ್ತವೆ. ಈ ವಯಸ್ಸಿನವರಿಗೆ ಇದನ್ನು ಕಲಿಸಿದ ಅನುಭವವಿರುವವರು, ಯಾವ ಹಂತದಲ್ಲಿ ಪರಿಚಯಿಸಿದಿರಿ ಎಂದು ದಯವಿಟ್ಟು ತಿಳಿಸಿ.

ಇನ್ನೊಂದು ವಿನಂತಿ. 560001ಕ್ಕೆ 16 ಭಾಜಕಗಳಿದ್ದು, ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 258495 ಮಾತ್ರ, ಅಂದರೆ ಆ ಸಂಖ್ಯೆಗಿಂತ ಕಡಿಮೆ. ಯಾವ ಅವಿಭಾಜ್ಯದ ವರ್ಗವೂ ಇದನ್ನು ಭಾಗಿಸುವುದಿಲ್ಲ. ಮೊದಲ ಗುಣಕ್ಕೆ ‘ಕೊರತೆ ಸಂಖ್ಯೆ’, ಎರಡನೆಯದಕ್ಕೆ ‘ವರ್ಗಮುಕ್ತ ಸಂಖ್ಯೆ’ ಎಂದು ಬಳಸುತ್ತಿದ್ದೇನೆ. ಇವುಗಳಿಗಿಂತ ರೂಢಿಯಲ್ಲಿರುವ ಕನ್ನಡ ಪದಗಳಿದ್ದರೆ ತಿಳಿಸಿ, ಮಕ್ಕಳಿಗೆ ಸರಿಯಾದುದನ್ನೇ ಕಲಿಸಬೇಕೆಂಬ ಆಸೆ.